ಮದ್ದು ತೂಗುವ ತಕ್ಕಡಿ

ತಕ್ಕಡಿಯಿಲ್ಲದೆ ನಾಗರಿಕ ಜೀವನವು ಒಂದು ದಿನವೂ ಸಾಗಲಾರದು. ಬೇಳೆ ಬೆಲ್ಲಗಳನ್ನು ತೂಗುವ ಅಂಗಡಿಯವನು, ಚಿನ್ನ ಬೆಳ್ಳಿಗಳನ್ನು ತೂಗುವ ಚಿನಿವಾರ, ಔಷಧದ ಪೊಟ್ಟಣ ಕಟ್ಟುವ ವೈದ್ಯ, ಇವರೆಲ್ಲರೂ ಅದನ್ನು ನಂಬಿಯೇ ಬಾಳುತ್ತಾರೆ. ಅಂಗಡಿಯವನ ತಕ್ಕಡಿ ತಪ್ಪಿದರೆ ಕೊಳ್ಳುವವನಿಗೆ ಕಾಸಿನ ನಷ್ಟ. ಚಿನಿವಾರನದು ತಪ್ಪಿದರೆ ನಷ್ಟ ಇನ್ನೂ ಹೆಚ್ಚು. ವೈದ್ಯನದು ತಪ್ಪಿದರೆ ರೋಗಿಯ ಗತಿ ಕಷ್ಟ. ಈ ಮೂರು ಸಂದರ್ಭಗಳಲ್ಲಿಯೂ ತೂಗುವವನು ಒಬ್ಬ, ಕೇಡನ್ನು ಅನುಭವಿಸುವವನು ಮತ್ತೊಬ್ಬ. ಆದರೆ ತೂಗಿದವನ ಕಣ್ಣನ್ನೂ ಕೈಯನ್ನೂ ಕ್ಷಣಮಾತ್ರದಲ್ಲಿ ಕಸಿದುಕೊಳ್ಳಬಲ್ಲ ತಪ್ಪೊಂದುಂಟು. ಅದು ಕೋವಿಯ ಮದ್ದನ್ನು ತೂಗುವ ತಕ್ಕಡಿಯ ತಪ್ಪು.

ಒಮ್ಮೆ ಹಾರಿಸಿದ ತೋಟಾದಲ್ಲಿ ಗುಂಡು ಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಕೇಪು ಸಿಡಿದುಹೋಗುತ್ತದೆ. ಹಿತ್ತಾಳೆಯ ಕೊಳವೆ ಮಾತ್ರ ಉಳಿಯುತ್ತದೆ. ತೋಟಾದ ಬೆಲೆಯಲ್ಲಿ ದೊಡ್ಡ ಪಾಲು ಈ ಹಿತ್ತಾಳೆಗೇ ಸಲ್ಲುವುದರಿಂದ, ಅದಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡುಗಳನ್ನು ಸೇರಿಸಿ ಮತ್ತೆ ಬಳಸುವ ಪದ್ಧತಿ ಅಮೆರಿಕಾದಲ್ಲಿ ನೂರೈವತ್ತು ವರ್ಷಗಳಿಂದ ರೂಢಿಯಲ್ಲಿದೆ. ನಮ್ಮ ದೇಶದಲ್ಲಿ 1959ರ ಶಸ್ತ್ರ ಕಾಯಿದೆಯ ಮೇರೆಗೆ ಅನುಮತಿಯಿಲ್ಲದೆ ಯಾರೂ ಮದ್ದುಗುಂಡುಗಳನ್ನು ತಯಾರಿಸುವಂತಿಲ್ಲ. ಆದುದರಿಂದ ಇದು ನಮ್ಮ ಮನೆಮನೆಯ ವಿಷಯವಲ್ಲ. ಆದರೂ ಆ ಕಸುಬಿನವರು ಎತ್ತುವ ಪ್ರಶ್ನೆಯೊಂದು ತೂಕವನ್ನು ನಂಬಿ ಬಾಳುವ ಎಲ್ಲರಿಗೂ ಸಂಬಂಧಿಸಿದ್ದಾಗಿದೆ: ನಂಬತಕ್ಕ ತಕ್ಕಡಿಯನ್ನು ಯಾವ ಲಕ್ಷಣದಿಂದ ಗುರುತಿಸುವುದು? ಇದಕ್ಕೆ ಇತಿಹಾಸವು ಕೊಡುವ ಉತ್ತರವನ್ನು ನಾವು ಇಲ್ಲಿ ಸಂಗ್ರಹವಾಗಿ ನೋಡೋಣ.

ಮೊದಲು ಗಮನಿಸತಕ್ಕ ಸಂಗತಿಯೆಂದರೆ, ಕೋವಿ ಹುಟ್ಟಿ ಹಲವು ಶತಮಾನಗಳ ಕಾಲ ಕೋವಿಗಾರನಿಗೆ ತಕ್ಕಡಿಯೇ ಬೇಕಾಗಿರಲಿಲ್ಲ ಎಂಬುದು. ಅವನು ಮದ್ದನ್ನು ತೂಗುತ್ತಿರಲಿಲ್ಲ, ಅಳೆಯುತ್ತಿದ್ದನು. ಹದಿನೇಳನೆಯ ಶತಮಾನದ ಯೂರೋಪಿನ ಕಾಲಾಳು ಎದೆಗೆ ಅಡ್ಡಲಾಗಿ ಒಂದು ಚರ್ಮದ ಪಟ್ಟಿಯನ್ನು ಧರಿಸಿ, ಅದರಲ್ಲಿ ಮರದ ಪುಟ್ಟ ಕುಪ್ಪಿಗಳನ್ನು ತೂಗಹಾಕಿಕೊಳ್ಳುತ್ತಿದ್ದನು. ಒಂದು ಕುಪ್ಪಿಯಲ್ಲಿ ಒಂದು ಈಡಿಗೆ ಬೇಕಾಗುವಷ್ಟು ಮದ್ದು. ಕುಪ್ಪಿಗಳು ಸಾಮಾನ್ಯವಾಗಿ ಹನ್ನೆರಡಿದ್ದುದರಿಂದ, ಇಂಗ್ಲೆಂಡಿನಲ್ಲಿ ಅವಕ್ಕೆ ಕ್ರಿಸ್ತನ ಹನ್ನೆರಡು ಮಂದಿ ಶಿಷ್ಯರ ಹೆಸರೇ ಬಂದಿತು. ನಮ್ಮ ಮಲೆನಾಡಿನ ಕೇಪಿನ ಕೋವಿಯವರೂ ‘ಮಸಿ’ ಎಂದು ಕರೆಯುವ ಕರಿಯ ಮದ್ದನ್ನು ಅಳತೆಯಿಂದಲೇ ಹಾಕುತ್ತಿದ್ದರಲ್ಲದೆ ತೂಗಿ ಹಾಕುತ್ತಿರಲಿಲ್ಲ.

ಈ ಅಳತೆಯಿಂದ ಕೆಲಸ ನಡೆದುದಕ್ಕೆ ಕಾರಣವು ಆ ಮದ್ದಿನ ಗುಣದಲ್ಲಿಯೇ ಇದೆ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣವಾದ ಕರಿಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯಾಗಿಯೂ ಕಿಟ್ಟವಾಗಿಯೂ ವ್ಯರ್ಥವಾಗುತ್ತದೆ. ಉಳಿದುದು ಮಾತ್ರ ಅನಿಲವಾಗಿ ಗುಂಡನ್ನು ತಳ್ಳುತ್ತದೆ. ಒಂದು ಕಾರ್ಖಾನೆಯ ಕರಿಮದ್ದಿಗೂ ಮತ್ತೊಂದರದಕ್ಕೂ ಸಾಂದ್ರತೆಯಲ್ಲಿ ಬಹಳ ವ್ಯತ್ಯಾಸವಿಲ್ಲ. ಅಳತೆಯಲ್ಲಿ ಚಿಟಿಕೆ ಹೆಚ್ಚಾದರೂ, ಚಿಟಿಕೆ ಕಡಿಮೆಯಾದರೂ, ಗಟ್ಟಿಯಾದ ಕೋವಿಯು ತಡೆದುಕೊಳ್ಳುತ್ತಿತ್ತು. ಒಟ್ಟಿನಲ್ಲಿ ಕರಿಮದ್ದು ಕ್ಷಮಾಗುಣವುಳ್ಳ ಪದಾರ್ಥ. ಕ್ಷಮಿಸುವ ಯಜಮಾನನ ಮನೆಯಲ್ಲಿ ಲೆಕ್ಕಪತ್ರ ಸಡಿಲವಾಗಿರುವುದು ಸಹಜವಷ್ಟೆ.

ಮದ್ದಿನ ವಿಷಯದಲ್ಲಿ ಬಿಗಿಯಾದ ಲೆಕ್ಕವನ್ನು ಮೊದಲು ಕೇಳಿದವರು ಯೋಧರಲ್ಲ, ವಿಜ್ಞಾನಿಗಳು. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸನು 1742ರಲ್ಲಿ ಫಿರಂಗಿವಿದ್ಯೆಯ ಹೊಸ ತತ್ತ್ವಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ತೂಗಾಡುವ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ದೂರ ತೂಗಿತೆಂಬುದರಿಂದ ಗುಂಡಿನ ವೇಗವನ್ನು ಗುಣಿಸುವ ಉಪಾಯವನ್ನು ಅದರಲ್ಲಿ ವಿವರಿಸಿದನು. ಇದಕ್ಕೆ ಗುಂಡಿನ ತೂಕ ಗೊತ್ತಿರಬೇಕು, ದಿಮ್ಮಿಯ ತೂಕ ಗೊತ್ತಿರಬೇಕು. ವೇಗವನ್ನು ಮದ್ದಿನೊಡನೆ ಹೋಲಿಸಬೇಕಾದರೆ ಮದ್ದಿನ ತೂಕವೂ ಗೊತ್ತಿರಬೇಕು. ‘ಒಂದು ಕುಪ್ಪಿ’ ಎಂಬ ಮಾತು ಸಾಕಾಗದೆ ‘ಇಷ್ಟು ತೂಕ’ ಎಂಬ ಮಾತು ಬೇಕಾದುದು ಹೀಗೆ. ಈ ರಾಬಿನ್ಸನು ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಇಂಜಿನಿಯರಾಗಿ ನಮ್ಮ ದಕ್ಷಿಣ ದೇಶಕ್ಕೇ ಬಂದು, 1751ರಲ್ಲಿ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ತಕ್ಕಡಿಗೂ ಮದ್ದಿಗೂ ನಿಜವಾದ ನಂಟು ಬೆಳೆದುದು ಫ್ರಾನ್ಸಿನಲ್ಲಿ. ಆಧುನಿಕ ರಸಾಯನಶಾಸ್ತ್ರದ ಪಿತಾಮಹನೆನಿಸಿದ ಲವಾಸಿಯೇಯನ್ನು 1775ರಲ್ಲಿ ಸರಕಾರವು ಮದ್ದಿನ ಇಲಾಖೆಯ ಆಡಳಿತಗಾರರಲ್ಲಿ ಒಬ್ಬನನ್ನಾಗಿ ನೇಮಿಸಿತು. ಅವನು ಪ್ಯಾರಿಸ್ಸಿನ ಆಯುಧಾಗಾರದ ಆವರಣದಲ್ಲಿ ವಾಸಿಸುತ್ತ, ಪ್ರಯೋಗಶಾಲೆಯನ್ನೂ ಅಲ್ಲಿಯೇ ಏರ್ಪಡಿಸಿಕೊಂಡನು. ಪ್ರಯೋಗಕ್ಕೆ ಮೊದಲು ಇದ್ದ ಪದಾರ್ಥಗಳ ತೂಕವೂ ಪ್ರಯೋಗದ ಕೊನೆಯಲ್ಲಿ ಇರುವ ಪದಾರ್ಥಗಳ ತೂಕವೂ ಸಮವಾಗಿರಬೇಕೆಂಬ ನಿಯಮದ ಮೇಲೆ ಅವನು ತನ್ನ ಶಾಸ್ತ್ರವನ್ನೆಲ್ಲ ನಿಲ್ಲಿಸಿದನು. ಈ ನಿಯಮವನ್ನು ಪರೀಕ್ಷಿಸಲು ಫೋರ್ತಾ, ಮೆನಿಯೆ ಎಂಬ ಕುಶಲಿಗಳಿಂದ ಅವನು ಮಾಡಿಸಿದ ಸೂಕ್ಷ್ಮ ತ್ರಾಸುಗಳು ಇಂದಿಗೂ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿವೆ.

ಆದರೆ ತಕ್ಕಡಿಯ ಮುಂದೆ ಇಷ್ಟು ಎಚ್ಚರದಿಂದಿದ್ದವನನ್ನೂ ಮದ್ದು ಬಿಟ್ಟುಬಿಡಲಿಲ್ಲ. 1788ರ ಅಕ್ಟೋಬರ್ 27ರಂದು ಎಸ್ಸೋನ್ ಎಂಬಲ್ಲಿಯ ಕಾರ್ಖಾನೆಯಲ್ಲಿ ಹೊಸ ಬಗೆಯ ಮದ್ದೊಂದನ್ನು ಪರೀಕ್ಷಿಸುತ್ತಿದ್ದಾಗ ಸ್ಫೋಟವುಂಟಾಗಿ ಇಬ್ಬರು ಸತ್ತರು. ಜೊತೆಯಲ್ಲಿ ಬಂದಿದ್ದ ಲವಾಸಿಯೇಯೂ ಅವನ ಹೆಂಡತಿಯೂ ಆ ಗಳಿಗೆಯಲ್ಲಿ ಸ್ಥಳದಿಂದ ದೂರವಿದ್ದುದರಿಂದ ಬದುಕಿಕೊಂಡರು. ತೂಕದ ಜ್ಞಾನವಿದ್ದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ. ತೂಕವು ಸುರಕ್ಷತೆಯ ಒಂದು ಅಂಗವೇ ಹೊರತು ಅದೇ ಸರ್ವಸ್ವವಲ್ಲ. ಈ ಮಾತನ್ನು ನಾವು ಮುಂದೆ ಮತ್ತೊಮ್ಮೆ ನೆನೆಯಬೇಕಾಗುತ್ತದೆ.

ವಿಜ್ಞಾನಿಯ ಮೇಜಿನ ಮೇಲಿದ್ದ ತಕ್ಕಡಿ ಸಾಮಾನ್ಯ ಬೇಟೆಗಾರನ ಮೇಜಿಗೆ ಇಳಿದುಬಂದುದು ಇನ್ನೊಂದು ಶತಮಾನದ ಮೇಲೆ. 1884ರಲ್ಲಿ ಫ್ರಾನ್ಸಿನ ಪೋಲ್ ವಿಯೇಯ್ ಎಂಬ ರಸಾಯನಶಾಸ್ತ್ರಜ್ಞನು ಹತ್ತಿಯಂಥ ನಾರಿಗೆ ಆಮ್ಲಸಂಸ್ಕಾರ ಮಾಡಿ ಪಡೆದ ಪದಾರ್ಥದಿಂದ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. 1887ರಲ್ಲಿ ಆಲ್ಫ್ರೆಡ್ ನೊಬೆಲನು ತನ್ನದೊಂದನ್ನೂ, 1889ರಲ್ಲಿ ಇಂಗ್ಲೆಂಡಿನ ಆಬೆಲ್ ಮತ್ತು ಡ್ಯೂವರ್ ಎಂಬವರು ‘ಕಾರ್ಡೈಟ್’ ಎಂಬುದನ್ನೂ ಮಾಡಿದರು. ಈ ಕಾರ್ಡೈಟನ್ನು ತಯಾರಿಸುವ ಕಾರ್ಖಾನೆಯೊಂದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನೀಲಗಿರಿಯ ಅರುವಂಕಾಡಿನಲ್ಲಿ ಸ್ಥಾಪಿತವಾಯಿತು. ಮೈಸೂರಿನಿಂದ ಕೂನೂರಿಗೆ ಹೋಗಿಬಂದವರಲ್ಲಿ ಅನೇಕರು ಅದರ ಹೆಸರನ್ನು ಕೇಳಿರಬಹುದು.

ಹೊಸ ಮದ್ದಿನ ಸ್ವಭಾವ ಹಳೆಯದಕ್ಕೆ ನೇರ ವಿರುದ್ಧವಾದುದು. ಅದು ಬಹುಮಟ್ಟಿಗೆ ಪೂರ್ತಿಯಾಗಿ ಅನಿಲವಾಗುತ್ತದೆ. ಆದುದರಿಂದ ಅದೇ ಕೆಲಸಕ್ಕೆ ಬಹು ಸ್ವಲ್ಪವೇ ಸಾಕು. ಸುತ್ತಣ ಒತ್ತಡ ಹೆಚ್ಚಿದಂತೆ ಅದು ಉರಿಯುವ ವೇಗವೂ ಹೆಚ್ಚುತ್ತದೆ. ವೇಗ ಹೆಚ್ಚಿದಂತೆ ಒತ್ತಡ ಮತ್ತಷ್ಟು ಏರುತ್ತದೆ. ಹೀಗೆ ಒಂದನ್ನೊಂದು ಕೆರಳಿಸುವುದರಿಂದ, ಮದ್ದಿನಲ್ಲಿ ಆದ ಸಣ್ಣ ಹೆಚ್ಚಳವು ಒತ್ತಡದಲ್ಲಿ ದೊಡ್ಡ ಹೆಚ್ಚಳವಾಗಿ ಪರಿಣಮಿಸುತ್ತದೆ. ಇದರ ಮೇಲೆ, ಕೆಲವು ಮದ್ದು ಚಕ್ಕೆಗಳಂತೆ, ಕೆಲವು ಕಡ್ಡಿಯ ತುಂಡುಗಳಂತೆ, ಕೆಲವು ಸಾಸಿವೆಯ ಕಾಳುಗಳಂತೆ ಇರುತ್ತವೆ. ಒಂದೇ ಅಳತೆಯ ಬಟ್ಟಲಿನಲ್ಲಿ ಹಿಡಿಸುವ ತೂಕ ಒಂದೊಂದಕ್ಕೂ ಬೇರೆ, ಒಂದೊಂದರ ಶಕ್ತಿಯೂ ಬೇರೆ. ಕ್ಷಮಿಸುವ ಯಜಮಾನ ಹೋಗಿ ಲೆಕ್ಕ ಕೇಳುವ ಯಜಮಾನ ಬಂದನು.

ಈ ಬದಲಾವಣೆಯನ್ನು ಜನ ಕೂಡಲೆ ಅರಿತುಕೊಳ್ಳಲಿಲ್ಲ. ಅದಕ್ಕೆ ಭಾಷೆಯೂ ಒಂದು ಕಾರಣ. ಚರೆಯ ಕೋವಿಯವರು ಕರಿಮದ್ದನ್ನು ‘ಡ್ರಾಮ್’ ಎಂಬ ಮಾನದಿಂದ ಹೇಳುತ್ತಿದ್ದರು. 3 ಡ್ರಾಮ್ ಎಂದರೆ ಸುಮಾರು 82 ಗ್ರೇನ್. ಹೊಸ ಮದ್ದು ಬಂದಮೇಲೆಯೂ ತೋಟಾದ ಪೆಟ್ಟಿಗೆಗಳ ಮೇಲೆ ‘3 ಡ್ರಾಮಿಗೆ ಸಮಾನ’ ಎಂದೇ ಅಚ್ಚಾಗುತ್ತಿತ್ತು. ಅಷ್ಟು ಕರಿಮದ್ದು ಕೊಡುತ್ತಿದ್ದ ವೇಗವನ್ನೇ ಈ ತೋಟಾವೂ ಕೊಡುತ್ತದೆ ಎಂಬುದಷ್ಟೇ ಆ ಮಾತಿನ ಅರ್ಥ. ಒಳಗಿರುವ ಹೊಸ ಮದ್ದು ಆ ತೂಕದ ಒಂದು ಸಣ್ಣ ಪಾಲು ಮಾತ್ರ. ‘ಸಮಾನ’ ಎಂಬ ಮಾತನ್ನು ತೂಕಕ್ಕೆ ಅನ್ವಯಿಸಿದವನ ಕೋವಿ ಒಡೆಯದೆ ಉಳಿಯುವುದು ದುರ್ಲಭ. ಇದಲ್ಲದೆ, ಹಳೆಯ ಅಳತೆಯ ಬಟ್ಟಲಿಗೇ ಹೊಂದಿಕೊಳ್ಳುವಂತೆ ಹಗುರವಾಗಿ ಮಾಡಿದ ‘ಬಲ್ಕ್’ ಮದ್ದೂ, ತೂಗಿಯೇ ಹಾಕಬೇಕಾದ ‘ಡೆನ್ಸ್’ ಮದ್ದೂ ಒಂದೇ ಕಾಲದಲ್ಲಿ ಮಾರಾಟವಾಗುತ್ತಿದ್ದವು. ಒಂದರ ಬಟ್ಟಲಿನಿಂದ ಇನ್ನೊಂದನ್ನು ಅಳೆಯುವುದು ಎಂಥ ಅನರ್ಥವೆಂಬುದನ್ನು ವಿವರಿಸಬೇಕಾಗಿಲ್ಲ. ತಕ್ಕಡಿಯು ತೋಟಾ ತುಂಬುವವನ ಮೇಜಿನ ಮೇಲೆ ಸ್ಥಿರವಾಗಿ ನೆಲಸಿದುದು ಇಂಥ ಭಯದಿಂದ.

ಇಲ್ಲಿ ತೂಗಬೇಕಾದುದು ಎಷ್ಟು ಸ್ವಲ್ಪವೆಂಬುದನ್ನು ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು. ಈ ಕಸುಬಿನ ಮಾನವು ‘ಗ್ರೇನ್’. ಹೆಸರೇ ಹೇಳುವಂತೆ ಅದು ಮೂಲದಲ್ಲಿ ಒಂದು ಧಾನ್ಯದ ಕಾಳು. 7000 ಗ್ರೇನಿಗೆ ಒಂದು ಪೌಂಡು; ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ನಮ್ಮ ಹಿರಿಯರು ಚಿನ್ನವನ್ನು ಗುಲಗಂಜಿಯಿಂದ ತೂಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ತೊಲವನ್ನು 180 ಗ್ರೇನೆಂದು ಗೊತ್ತುಮಾಡಿದಾಗ, 96 ಗುಲಗಂಜಿಗೆ ಒಂದು ತೊಲವೆಂಬ ಲೆಕ್ಕದಿಂದ ಗುಲಗಂಜಿಯೊಂದು ಎರಡು ಗ್ರೇನಿಗೆ ಸ್ವಲ್ಪ ಕಡಿಮೆಯಾಯಿತು. 1835ರಲ್ಲಿ ಹೊರಟ ಬೆಳ್ಳಿಯ ರೂಪಾಯಿಯ ತೂಕವೂ ಅದೇ 180 ಗ್ರೇನ್. ಈಗ, ಸಣ್ಣ ಪಿಸ್ತೂಲಿನ ತೋಟಾವೊಂದಕ್ಕೆ 5 ಗ್ರೇನ್ ಮದ್ದು ಬೇಕೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಅದು ರೂಪಾಯಿಯ ಮೂವತ್ತಾರರಲ್ಲಿ ಒಂದು ಪಾಲು. ಅದರಲ್ಲಿ ಅರ್ಧ ಗ್ರೇನ್, ಎಂದರೆ ಗುಲಗಂಜಿಯ ಕಾಲುಭಾಗಕ್ಕೆ ತುಸು ಮೇಲ್ಪಟ್ಟಷ್ಟು ತಪ್ಪಿದರೆ, ನೂರಕ್ಕೆ ಹತ್ತರಷ್ಟು ತಪ್ಪಿದಂತಾಯಿತು. ಕೈಯ ಅಂದಾಜೂ ಕಣ್ಣಿನ ಅಂದಾಜೂ ಇಲ್ಲಿ ನಡೆಯುವಂತಿಲ್ಲ.

ಇಷ್ಟು ಸೂಕ್ಷ್ಮವಾದುದನ್ನು ತೂಗುವ ಸಾಧನಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು ತೊಲೆಯ ತಕ್ಕಡಿ. ಇದರಲ್ಲಿ ಒಂದು ಕಡೆ ಮದ್ದಿನ ತಟ್ಟೆ. ಇನ್ನೊಂದು ಕಡೆಯ ತೊಲೆಯ ಮೇಲೆ ಗೀಟುಗಳನ್ನು ಕೊರೆದು, ಅವುಗಳ ಮೇಲೆ ಜರುಗುವ ಪುಟ್ಟ ಬಟ್ಟುಗಳನ್ನಿಟ್ಟಿರುತ್ತಾರೆ. ತೊಲೆಯು ಉಕ್ಕಿನ ಚೂಪಾದ ಅಲಗಿನ ಮೇಲೆ ನಿಂತು, ಅಲಗು ಅಗೇಟಿನಂಥ ಗಟ್ಟಿ ಕಲ್ಲಿನ ಮೇಲೆ ಕೂರುತ್ತದೆ. ಅಲಗು ಮೊಂಡಾದರೆ, ಅಥವಾ ಅದರಡಿಯಲ್ಲಿ ಧೂಳಿನ ಕಣವೊಂದು ಸೇರಿದರೆ, ತೊಲೆಯು ಪ್ರತಿಸಾರಿಯೂ ಬೇರೆ ಬೇರೆ ಕಡೆಯಲ್ಲಿ ನಿಲ್ಲತೊಡಗುತ್ತದೆ. ತೊಲೆಯ ಓಲಾಟವನ್ನು ಬೇಗನೆ ನಿಲ್ಲಿಸುವುದಕ್ಕಾಗಿ ಅದರ ತುದಿಯ ತಾಮ್ರದ ಹಲಗೆಯನ್ನು ಎರಡು ಅಯಸ್ಕಾಂತಗಳ ನಡುವೆ ಆಡಬಿಡುತ್ತಾರೆ. ತಾಮ್ರವನ್ನು ಅಯಸ್ಕಾಂತವು ಎಳೆಯುವುದಿಲ್ಲ. ಆದರೆ ತಾಮ್ರ ಚಲಿಸಿದಾಗ ಅದರಲ್ಲಿ ಹುಟ್ಟುವ ವಿದ್ಯುತ್ತು ಚಲನೆಯನ್ನು ತಡೆಯುತ್ತದೆ. ತೊಲೆ ನಿಂತಮೇಲೆ ಆ ತಡೆಯೂ ಇಲ್ಲವಾಗುವುದರಿಂದ ತೂಕಕ್ಕೆ ಬಾಧೆಯಿಲ್ಲ.

ಎರಡನೆಯದು ವಿದ್ಯುತ್ತಿನ ತಕ್ಕಡಿ. ಭಾರ ಬಿದ್ದಾಗ ಲೋಹವು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತಂತಿಯ ವಿದ್ಯುತ್‌ತಡೆ ಆಗ ಬದಲಾಗುತ್ತದೆ. 1938ರಲ್ಲಿ ಅಮೆರಿಕಾದ ಸಿಮನ್ಸ್, ರೂಜ್ ಎಂಬ ಇಬ್ಬರು ಒಬ್ಬರಿಗೊಬ್ಬರು ತಿಳಿಯದಂತೆ ಈ ಅಂಟುತಂತಿಯ ಉಪಾಯವನ್ನು ಕಂಡುಕೊಂಡರು. ಇಂದು ಅಂಗಡಿಗಳಲ್ಲಿ ಅಂಕಿಗಳನ್ನು ಬೆಳಗಿಸುವ ತಕ್ಕಡಿಗಳಲ್ಲಿ ಬಹುಪಾಲು ಈ ತತ್ತ್ವದ ಸಂತಾನವೇ. ಇದರ ಅನುಕೂಲ ಎಲ್ಲರಿಗೂ ಗೊತ್ತು: ತಟ್ಟೆಯಲ್ಲಿಟ್ಟ ಕೂಡಲೆ ಅಂಕಿ ಕಾಣುತ್ತದೆ. ಅದರ ಅನಾನುಕೂಲಗಳು ಅಷ್ಟು ಬೇಗ ಕಾಣುವುದಿಲ್ಲ. ಚಾಲೂ ಮಾಡಿದ ಮೇಲೆ ಅದು ಹದಕ್ಕೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಕೊಠಡಿಯ ಶಾಖ ಬದಲಾದರೆ ಅಂಕಿ ಜರುಗುತ್ತದೆ. ಫ್ಯಾನಿನ ಗಾಳಿ ತಟ್ಟೆಯ ಮೇಲೆ ಬಿದ್ದರೆ ಅದೂ ಒಂದು ಭಾರವಾಗಿ ಲೆಕ್ಕಕ್ಕೆ ಬರುತ್ತದೆ. ಕೆಲವು ಯಂತ್ರಗಳಲ್ಲಿ, ಕಾಳುಕಾಳಾಗಿ ಬಹು ನಿಧಾನವಾಗಿ ಮದ್ದನ್ನು ಉದುರಿಸಿದರೆ, ಆ ಸಣ್ಣ ಹೆಚ್ಚಳವನ್ನು ಯಂತ್ರವು ತನ್ನದೇ ಜರುಗಾಟವೆಂದು ಭಾವಿಸಿ ಅಳಿಸಿಹಾಕುವುದೂ ಉಂಟು. ಆಗ ತಟ್ಟೆಯಲ್ಲಿರುವುದು ಹೆಚ್ಚು, ಅಂಕಿ ಹೇಳುವುದು ಕಡಿಮೆ. ಮದ್ದಿನ ವಿಷಯದಲ್ಲಿ ಇದಕ್ಕಿಂತ ಕೆಟ್ಟ ಸುಳ್ಳಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಹಳೆಯದೋ ಹೊಸದೋ ಎಂಬ ವಾದ ಇಲ್ಲಿ ಅಷ್ಟು ಮುಖ್ಯವಲ್ಲ. ನೋಡತಕ್ಕ ಗುಣಗಳು ಮೂರು. ಒಂದೇ ವಸ್ತುವನ್ನು ಹತ್ತು ಸಾರಿ ಇಟ್ಟು ಎತ್ತಿದರೆ ಹತ್ತು ಸಾರಿಯೂ ಒಂದೇ ತೂಕವನ್ನು ಹೇಳುವುದು ಮೊದಲನೆಯದು. ತಟ್ಟೆ ಬರಿದಾದಾಗಲೆಲ್ಲ ಸೊನ್ನೆಗೆ ಹಿಂದಿರುಗುವುದು ಎರಡನೆಯದು. ತೂಕ ಗೊತ್ತಿರುವ ಬಟ್ಟನ್ನು ಇಟ್ಟಾಗ ಆ ತೂಕವನ್ನೇ ತೋರಿಸುವುದು ಮೂರನೆಯದು. ಇವುಗಳಲ್ಲಿ ಯಾವುದೊಂದೂ ಮತ್ತೊಂದಕ್ಕೆ ಬದಲಾಗಲಾರದು. ಹತ್ತು ಸಾರಿಯೂ ಒಂದೇ ಸುಳ್ಳನ್ನು ಹೇಳುವ ತಕ್ಕಡಿಯೂ ಇರಬಹುದು. ಸರಾಸರಿಯಲ್ಲಿ ಸತ್ಯವನ್ನು ಹೇಳಿ, ಒಂದೊಂದು ಸಾರಿ ಒಂದೊಂದು ಕಡೆಗೆ ವಾಲುವ ತಕ್ಕಡಿಯೂ ಇರಬಹುದು. ಅಂಕಿಗಳ ಸಾಲು ಉದ್ದವಾಗಿದ್ದ ಮಾತ್ರಕ್ಕೆ ತಕ್ಕಡಿ ಸೂಕ್ಷ್ಮವೆಂದು ತಿಳಿಯುವುದು ತಪ್ಪು. ಬಟ್ಟೂ ತೂಗಬೇಕಾದ ತೂಕಕ್ಕೆ ಹತ್ತಿರದ್ದಾಗಿರಬೇಕು. 1500 ಗ್ರೇನಿನಲ್ಲಿ ಸರಿಯಾಗಿರುವ ತಕ್ಕಡಿಯು 5 ಗ್ರೇನಿನಲ್ಲಿಯೂ ಸರಿಯಾಗಿರುವುದೆಂಬ ಭರವಸೆಯಿಲ್ಲ.

ತಕ್ಕಡಿಯನ್ನು ಶಂಕಿಸಿ ಪರೀಕ್ಷಿಸುವ ಈ ಬುದ್ಧಿ ಹೊಸದೇನೂ ಅಲ್ಲ. ಫ್ರಾನ್ಸಿನ ಬೋರ್ದಾ ಎಂಬ ಹದಿನೆಂಟನೆಯ ಶತಮಾನದ ವಿದ್ವಾಂಸನ ಹೆಸರಿನಲ್ಲಿ ಒಂದು ಕ್ರಮ ಪ್ರಸಿದ್ಧವಾಗಿದೆ. ಮೊದಲು ವಸ್ತುವನ್ನು ಒಂದು ತಟ್ಟೆಯಲ್ಲಿಟ್ಟು ಎದುರು ತಟ್ಟೆಯಲ್ಲಿ ಮರಳನ್ನೋ ಚರೆಯನ್ನೋ ಹಾಕಿ ಸಮಮಾಡುವುದು. ಬಳಿಕ ವಸ್ತುವನ್ನು ತೆಗೆದು, ಅದೇ ತಟ್ಟೆಯಲ್ಲಿ ಬಟ್ಟುಗಳನ್ನಿಟ್ಟು ಮತ್ತೆ ಸಮಮಾಡುವುದು. ತೊಲೆಯ ತೋಳುಗಳು ಉದ್ದಗಿಡ್ಡವಾಗಿದ್ದರೂ ಈ ಕ್ರಮದಿಂದ ನಿಜವಾದ ತೂಕವೇ ದೊರೆಯುತ್ತದೆ. ನಮ್ಮ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಅಳತೆಗಳಿಗೆಂದೇ ಒಬ್ಬ ಅಧ್ಯಕ್ಷನಿದ್ದಾನೆ. ಬಟ್ಟುಗಳನ್ನು ಕಬ್ಬಿಣದಿಂದಲೋ ಗೊತ್ತಾದ ಪ್ರದೇಶಗಳ ಕಲ್ಲಿನಿಂದಲೋ, ಅಥವಾ ನೀರಿನಿಂದ ಹೆಚ್ಚದ, ಬಿಸಿಯಿಂದ ಕುಗ್ಗದ ಪದಾರ್ಥದಿಂದಲೋ ಮಾಡಿಸಬೇಕೆಂದೂ, ನಾಲ್ಕು ತಿಂಗಳಿಗೊಮ್ಮೆ ಅವುಗಳನ್ನು ಸರಿನೋಡಿಸಿ ಮುದ್ರೆ ಪಡೆಯಬೇಕೆಂದೂ ಅಲ್ಲಿ ವಿಧಿಯಿದೆ. ಇಂದು 2009ರ ಕಾಯಿದೆಯ ಪ್ರಕಾರ ಅಂಗಡಿಯ ತಕ್ಕಡಿಗಳಿಗೆ ಕಾಲಕಾಲಕ್ಕೆ ಮುದ್ರೆ ಬೀಳುತ್ತಿರುವುದು ಇದೇ ತತ್ತ್ವದ ಮುಂದುವರಿಕೆ. ಒಮ್ಮೆ ಸರಿಯಿದ್ದುದು ಯಾವಾಗಲೂ ಸರಿಯಿರುವುದೆಂದು ನಂಬಬಾರದು ಎಂಬುದೇ ಆ ತತ್ತ್ವ.

ಆದರೆ ಅಂಗಡಿಯವನ ಮೇಲೆ ಅಧಿಕಾರಿಯ ಕಣ್ಣಿರುತ್ತದೆ. ತನ್ನ ಮನೆಯ ಕೋಣೆಯಲ್ಲಿ ಒಬ್ಬನೇ ಕುಳಿತು ತೋಟಾ ತುಂಬುವವನ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಅವನೇ ವ್ಯಾಪಾರಿ, ಅವನೇ ಗಿರಾಕಿ, ಅವನೇ ಅಧ್ಯಕ್ಷ. ಇದಲ್ಲದೆ ತಕ್ಕಡಿಯ ಅಧಿಕಾರಕ್ಕೂ ಒಂದು ಮೇರೆಯುಂಟು. ತೊಲೆಯ ಬಟ್ಟನ್ನು 5ರ ಬದಲು 10ರ ಗೀಟಿನಲ್ಲಿಟ್ಟರೆ, ನಿರ್ದುಷ್ಟವಾದ ತಕ್ಕಡಿಯು ತಪ್ಪು ತೂಕವನ್ನು ನಿರ್ದುಷ್ಟವಾಗಿ ತೂಗಿಕೊಡುತ್ತದೆ. ಹೊಸ ಮದ್ದು ಕೊಳವೆಯ ಅಡಿಯಲ್ಲಿ ಸ್ವಲ್ಪ ಜಾಗವನ್ನು ಮಾತ್ರ ಹಿಡಿಯುವುದರಿಂದ, ಗಮನ ತಪ್ಪಿ ಒಂದೇ ಕೊಳವೆಗೆ ಎರಡು ಸಾರಿ ಸುರಿದರೂ ಅನೇಕ ವೇಳೆ ಅದು ತುಂಬಿ ಚೆಲ್ಲುವುದಿಲ್ಲ. ಎರಡು ಸಾರಿಯೂ ತೂಕ ಸರಿಯಾಗಿಯೇ ಇತ್ತೆಂದು ತಕ್ಕಡಿ ಸಾಕ್ಷಿ ಹೇಳೀತು. ಆ ಸಾಕ್ಷಿಯಿಂದ ಹೋದ ಕಣ್ಣು ಬರಲಾರದು. ಎಸ್ಸೋನಿನ ದುರ್ಘಟನೆಯ ಪಾಠವೂ ಇದೇ. ಆದುದರಿಂದಲೇ ಈ ಕಸುಬಿನಲ್ಲಿ ನುರಿತವರು ಕೊಳವೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ದೀಪ ಹಿಡಿದು ಒಂದೊಂದರ ಒಳಗನ್ನೂ ನೋಡಿದಲ್ಲದೆ ಗುಂಡು ಕೂರಿಸುವುದಿಲ್ಲ.

ಅಳತೆಯ ಕುಪ್ಪಿಯಿಂದ ಅಲಗಿನ ತೊಲೆಗೂ, ತೊಲೆಯಿಂದ ಅಂಟುತಂತಿಗೂ ಬಂದ ಈ ಕಥೆಯಲ್ಲಿ ಸಾಧನವು ಹೆಜ್ಜೆಹೆಜ್ಜೆಗೂ ಸೂಕ್ಷ್ಮವಾಗುತ್ತ ಬಂದಿದೆ. ಅದರೊಡನೆ ಮನುಷ್ಯನ ಹೊಣೆ ಕಡಿಮೆಯಾಯಿತೆಂದು ಎಣಿಸುವುದಕ್ಕೆ ಮಾತ್ರ ಆಧಾರವಿಲ್ಲ. ನಂಬತಕ್ಕ ತಕ್ಕಡಿ ಯಾವುದೆಂದರೆ, ತನ್ನನ್ನು ಪರೀಕ್ಷಿಸಲು ಸುಲಭವಾಗಿ ಎಡೆಕೊಡುವ ತಕ್ಕಡಿ. ಅದನ್ನು ಇಟ್ಟುಕೊಳ್ಳಲು ಯೋಗ್ಯನು ಯಾರೆಂದರೆ, ಪ್ರತಿಯೊಂದು ಸಾರಿಯೂ ಪರೀಕ್ಷಿಸಿಯೇ ತೂಗುವವನು. ಬೆಲೆ ಕೊಟ್ಟು ಕೊಳ್ಳಬಹುದಾದುದು ಮೊದಲನೆಯದು ಮಾತ್ರ.